ದಣಿಯದ ಕ್ವಾರ್ಟರ್‌ಬ್ಯಾಕ್

2024ರ ಚಳಿಗಾಲ. ಮ್ಯೂನಿಕ್‌ನ ಒಂದು ಗೇಮ್ ಸ್ಟುಡಿಯೋದಲ್ಲಿ ಗೇಮ್‌ಪ್ಲೇ ಟ್ಯೂನರ್ ಆಗಿ ಸೇರಿ ನನಗೆ ನಾಲ್ಕು ತಿಂಗಳಾಗಿತ್ತು. ಜರ್ಮನಿಯಲ್ಲಿ ಮೊದಲ ಆರು ತಿಂಗಳು ಪ್ರೋಬೆಟ್ಸೈಟ್, ಅಂದರೆ ಪರೀಕ್ಷಾವಧಿ. ಅಷ್ಟರೊಳಗೆ ಎರಡು ವಾರದ ನೋಟಿಸ್ ಕೊಟ್ಟು ಯಾರನ್ನಾದರೂ ಮನೆಗೆ ಕಳಿಸಬಹುದು.

ನಾವು ಮಾಡುತ್ತಿದ್ದದ್ದು ಅಮೆರಿಕದ ಕಾಲೇಜು ಫುಟ್‌ಬಾಲ್‌ನ ವಿಡಿಯೋ ಗೇಮ್. ಇದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಎಸೆಯುವ ಆಟ. ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಗೇಮ್‌ನಲ್ಲಿ ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಏರಿಸಿ ಇಳಿಸುವ ಒಂದು ಸ್ಲೈಡರ್: ಚೆಂಡು ಕೈಜಾರುವುದಕ್ಕೆ ಒಂದು, ಆಟಗಾರ ದಣಿಯುವುದಕ್ಕೆ ಇನ್ನೊಂದು. ನಿಜವಾದ ಮೈದಾನದಲ್ಲಿ ನಡೆದಂತೆ ಆಟ ಕಾಣಬೇಕು, ಹಾಗೆ ಇವನ್ನು ಹೊಂದಿಸುವುದು ನನ್ನ ಕೆಲಸ.

ಟೀಮ್ ಲೀಡ್ ಸುಧೀರ್ ಉಡುಪಿಯವರು, ನಾನು ಹುಬ್ಬಳ್ಳಿಯವನು. ಕನ್ನಡದವರೊಬ್ಬರು ಸಿಕ್ಕರಲ್ಲ ಎಂದು ಮೊದಲ ದಿನ ಹಿಗ್ಗಿದ್ದೆ. ನನ್ನ ಬುದ್ಧಿಗಿಷ್ಟು!

ಪ್ರತಿ ಶುಕ್ರವಾರ ಊಟದ ನಂತರ ಆಫೀಸಿನಲ್ಲೇ ಇದೇ ಗೇಮ್‌ನ ಪಂದ್ಯ. ಸುಧೀರ್‌ಗೆ ಬರುತ್ತಿದ್ದದ್ದು ಒಂದೇ ಪಟ್ಟು: ಕ್ವಾರ್ಟರ್‌ಬ್ಯಾಕ್ ಯಾರಿಗೂ ಚೆಂಡು ಕೊಡದೆ ಬಲಗಡೆಯಿಂದ ತಾನೇ ಓಡುವುದು. ದಣಿವಿನ ಸ್ಲೈಡರ್ 30ರಲ್ಲಿದ್ದುದರಿಂದ ಪರದೆಯ ಮೇಲಿನ ಆ ಹುಡುಗ ಎಷ್ಟು ಓಡಿದರೂ ಸುಸ್ತಾಗುತ್ತಿರಲಿಲ್ಲ. ಇದು ಸುಳ್ಳು ಆಟ, ಸ್ಲೈಡರ್ ಏರಿಸಬೇಕು ಎಂದು ಸುಧೀರ್‌ಗೆ ಬರೆದುಕೊಟ್ಟೆ. ಆ ಶುಕ್ರವಾರ ಅವರು ನನ್ನನ್ನು 49–0ಯಿಂದ ಸೋಲಿಸಿ, "ಕ್ರಿಕೆಟ್ ಬ್ಯಾಟ್ ಹಿಡಿದು ಬೆಳೆದವನಿಗೆ ಇದೆಲ್ಲ ಎಂತ ಗೊತ್ತುಂಟು ಮಾರಾಯ?" ಎಂದರು. ಸಾಲದೆಂದು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಎಲ್ಲರನ್ನೂ ನಗಿಸಿದರು. ಮರುವಾರ ನನ್ನ ಪ್ರೋಬೆಟ್ಸೈಟ್ ವರದಿಯ ಪ್ರತಿ ಬಂತು: 'ಕ್ರೀಡೆಯ ಅರಿವಿಲ್ಲ, ಮುಂದುವರಿಸುವುದು ಅನುಮಾನ.' ಕೆಳಗೆ ಅವರ ಸಹಿ. ನನ್ನ ಮೈಯೆಲ್ಲ ಉರಿಯಿತು.

ಮಾಡಬಾರದ್ದನ್ನು ಆಗಲೇ ಮಾಡಿದೆ. ಕ್ವಾರ್ಟರ್‌ಬ್ಯಾಕ್ ಓಡುವಾಗ ಚೆಂಡು ಕೈಜಾರುವ ಸ್ಲೈಡರನ್ನು ಯಾರಿಗೂ ಹೇಳದೆ 50ರಿಂದ 85ಕ್ಕೆ ಏರಿಸಿಬಿಟ್ಟೆ. ಮುಂದಿನ ಶುಕ್ರವಾರ ಸುಧೀರ್‌ರ ಹುಡುಗ ಐದು ಸಲ ಚೆಂಡು ಬೀಳಿಸಿದ. ಅವರ ಮುಖ ನೋಡಿ ಸಿಕ್ಕ ಸುಖವನ್ನು ಏನೆಂದು ಹೇಳಲಿ! ಆದರೆ ಸೋಮವಾರ ನಮ್ಮ ಹಿರಿಯ ಟೆಸ್ಟರ್ ಆನ್‌ಲೀಸ, ಕಂಪ್ಯೂಟರ್ ತನ್ನಷ್ಟಕ್ಕೆ ಆಡಿದ ಇಪ್ಪತ್ತು ಪಂದ್ಯಗಳ ಫಲಿತಾಂಶ ತಂದು ಮೇಜಿನ ಮೇಲಿಟ್ಟಳು. ಎಲ್ಲ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳೂ ಚೆಂಡು ಚೆಲ್ಲಾಡಿದ್ದರು.

"ಇದು ರಿಯಲಿಸಂ ಅಲ್ಲ. ಇದು ಯಾರದೋ ಸಿಟ್ಟು," ಎಂದಳು ಜರ್ಮನ್‌ನಲ್ಲಿ. ಕಳ್ಳ ಸಿಕ್ಕಿಬಿದ್ದಿದ್ದ. ನಾನು ಒಪ್ಪಿಕೊಂಡೆ. ನಾಚಿಕೆಯಾಯಿತು, ಆದರೆ ಸಿಟ್ಟೇನೂ ಇಳಿಯಲಿಲ್ಲ.

ಕೈಜಾರುವ ಸ್ಲೈಡರನ್ನು ಮತ್ತೆ 50ಕ್ಕೆ ತಂದೆ. ಆಮೇಲೆ ಮೂರು ವಾರ ನಿಜವಾದ ಪಂದ್ಯಗಳ ರೆಕಾರ್ಡಿಂಗ್ ಮುಂದೆ ಸ್ಟಾಪ್‌ವಾಚ್ ಹಿಡಿದು ಕೂತೆ. ಓಡುವವನ ವೇಗ ಎಷ್ಟನೆಯ ಓಟಕ್ಕೆ ಕುಗ್ಗುತ್ತದೆ, ಬೆಂಚಿನಲ್ಲಿ ಎಷ್ಟು ಹೊತ್ತು ಕೂತರೆ ಮತ್ತೆ ಬರುತ್ತದೆ, ಎಲ್ಲ ಬರೆದುಕೊಂಡೆ. ದಣಿವಿನ ಸ್ಲೈಡರ್ 58ಕ್ಕೆ ಬಂದು ನಿಂತಿತು. ಆನ್‌ಲೀಸ ನಲವತ್ತು ಪಂದ್ಯ ಓಡಿಸಿ ನೋಡಿ ಒಪ್ಪಿದಳು. ಬದಲಾವಣೆಗಳ ಪಟ್ಟಿ ಹಿಡಿದು ಸಹಿಗೆಂದು ಸುಧೀರ್ ಹತ್ತಿರ ಹೋದೆ. ನನ್ನ ಕಿತಾಪತಿ ಅವರಿಗೆ ಗೊತ್ತಾಗಿತ್ತು. ನೇರ ಕೈಜಾರುವ ಸ್ಲೈಡರಿನ ಆ ಒಂದೇ ಸಾಲಿನ ಮೇಲೆ ಕಣ್ಣು ಹಾಯಿಸಿದರು.

"ಐವತ್ತಕ್ಕೆ ತಂದಿದ್ದೀಯಲ್ಲ, ಸಾಕು."

"ಕೆಳಗಿನ ಸಾಲೂ ನೋಡ್ರಿ ಸರ್. ದಣಿವಿಂದು ಬದಲ್ ಮಾಡೇನಿ."

"ನಿನ್ನ ಪುರಾಣ ಎಲ್ಲ ಓದ್ಲಿಕ್ಕೆ ಪುರ್ಸೊತ್ತಿಲ್ಲ ಮಾರಾಯ," ಎಂದು ಸಹಿ ಹಾಕಿದರು. ನಾನು ಎರಡನೇ ಸಲ ಹೇಳಲಿಲ್ಲ.

ಅದೇ ವಾರ, ಶುಕ್ರವಾರಕ್ಕೆ ಮೊದಲೇ, ಅಮೆರಿಕದಿಂದ ಕ್ಲೈಂಟ್ ಕಡೆಯವರು ಬಂದರು. ನನಗದು ಆರನೇ ತಿಂಗಳು. ಅವರಲ್ಲೊಬ್ಬರು ಹಿಂದೆ ಕಾಲೇಜು ತಂಡದ ಕೋಚ್ ಆಗಿದ್ದವರು. ಪ್ರದರ್ಶನ ಪಂದ್ಯಕ್ಕೆ ಸುಧೀರ್ ಎದುರಾಳಿಯಾಗಿ ನನ್ನನ್ನೇ ಕರೆದರು. ಅತಿಥಿಗಳೆದುರು ಇನ್ನೊಮ್ಮೆ ಮಣ್ಣು ಮುಕ್ಕಿಸುವ ಆಸೆ ಇರಬೇಕು.

ಅರ್ಧ ಆಟಕ್ಕೆ 21–0, ಅವರೇ ಮುಂದೆ. ಮೂರನೇ ಭಾಗದಲ್ಲಿ ಆ ಹುಡುಗನ ಕಾಲು ಭಾರವಾಯಿತು. ಬಲಗಡೆ ಓಡಿದ, ಹಿಡಿದೆ. ಮತ್ತೆ ಓಡಿದ, ಮತ್ತೆ ಹಿಡಿದೆ. ಅವನನ್ನು ಬೆಂಚಿಗೆ ಕಳಿಸಬೇಕಿತ್ತು, ಇಲ್ಲವೇ ಚೆಂಡು ಎಸೆಯಬೇಕಿತ್ತು. ಸುಧೀರ್‌ಗೆ ಎರಡೂ ಬರುತ್ತಿರಲಿಲ್ಲ. ಕಂಟ್ರೋಲರ್ ಗುಂಡಿಯನ್ನು ಜೋರುಜೋರಾಗಿ ಒತ್ತುವುದಷ್ಟೇ ಬರುತ್ತಿತ್ತು. ನಾನು ಅವಸರ ಮಾಡಲಿಲ್ಲ. ಒಂದೊಂದು ಪಾಯಿಂಟನ್ನೂ ಚಪ್ಪರಿಸಿಕೊಂಡು ತೆಗೆದುಕೊಂಡೆ. ಕೊನೆಗೆ 24–21, ಗೆದ್ದವನು ನಾನು.

"ಎಂತ ಮಾಡಿದ್ದು ನೀನು?" ಎಂದರು ಸುಧೀರ್, ಕನ್ನಡದಲ್ಲಿ, ಸಣ್ಣ ದನಿಯಲ್ಲಿ.

"ಏನಿಲ್ರೀ ಸರ್. ನಿಮ್ಮ ಹುಡುಗ್ಗೂ ಸುಸ್ತಾಗೋ ಹಂಗ ಮಾಡೇನಿ, ಅಷ್ಟ. ನೀವ ಸಹಿ ಹಾಕೀರಿ."

ನಾವು ಏನು ಮಾತಾಡಿದೆವೆಂದು ಕೋಚ್ ಕೇಳಿದರು. ಈ ಸಲ ಇಂಗ್ಲಿಷಿಗೆ ತಿರುಗಿಸಿದವನು ನಾನು. ಕೋಣೆಯಿಡೀ ನಕ್ಕಿತು. ದಣಿವನ್ನು ಹೊಂದಿಸಿದ್ದು ಯಾರೆಂದು ಕೋಚ್ ವಿಚಾರಿಸಿದಾಗ ಆನ್‌ಲೀಸ ನನ್ನತ್ತ ಕೈ ತೋರಿಸಿ ಪಟ್ಟಿ ಮುಂದಿಟ್ಟಳು. ಇಡೀ ಗೇಮ್‌ನಲ್ಲಿ ನಿಜ ಅನ್ನಿಸಿದ್ದು ಅದೊಂದೇ, ಉಳಿದದ್ದನ್ನೂ ಇವರೇ ಮಾಡಲಿ ಎಂದರು ಅವರು. ನನ್ನ ನೌಕರಿ ಕಾಯಂ ಆಯಿತು. ಆ ಪತ್ರಕ್ಕೂ ಸುಧೀರ್ ಸಹಿಯೇ ಬೇಕಿತ್ತು. ಹಾಕುವಾಗ ಎದುರಿಗೇ ನಿಂತು ನೋಡಿದೆ.

ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮೆಯ ಪಾಠ ಬೇಕಾದವರು ಬೇರೆಯವರನ್ನು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಬೇರೆ: ಸಿಟ್ಟಿನಲ್ಲಿ ಬರೆದ ಸುಳ್ಳು ಸಂಖ್ಯೆ ಪಂದ್ಯವಾದ ಮೂರೇ ದಿನಕ್ಕೆ ನನ್ನನ್ನು ಹಿಡಿದುಕೊಟ್ಟಿತು. ಅದೇ ಸಿಟ್ಟಿನಲ್ಲಿ ಅಳೆದು ಬರೆದ ನಿಜವಾದ ಸಂಖ್ಯೆಯನ್ನು ಸುಧೀರ್‌ಗೆ ಇವತ್ತಿಗೂ ಬದಲಾಯಿಸಲಾಗಿಲ್ಲ.