ನೀಲಿ ಬೆರಳಿನ ಗಫಾರ್ ಸಾಬ್ರು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆದರೆ ಗಫಾರ್ ಸಾಬ್ರ ಬಲಗೈ ಬೆರಳುಗಳು ನೀಲಿಯಾಗಿದ್ದವು ಎಂಬುದರಲ್ಲಿ ಅನುಮಾನವಿಲ್ಲ. ಉಗುರಿನ ಸಂದಿಯಲ್ಲಿ ಕಡುನೀಲಿ, ತುದಿಗೆ ತಿಳಿನೀಲಿ. ಕುರಿ ಕಡಿಯುವವರ ಕೈ ಕೆಂಪಗಿರುತ್ತದೆ ಎಂದುಕೊಂಡಿದ್ದ ನನಗೆ, ಮೊದಲ ಸಲ ಆ ಕೈಯಿಂದ ಮಾಂಸದ ಪೊಟ್ಟಣ ಈಸಿಕೊಂಡಾಗ ಹೆಣದ ಬೆರಳು ತಾಕಿದ ಹಾಗಾಗಿತ್ತು.

ಚಿಂತಾಮಣಿಯಲ್ಲಿ ಮಾಂಸದಂಗಡಿಗಳ ಸಾಲಿನ ಕೊನೆಗೆ ಅವರ ಅಂಗಡಿ. ಫ್ರಿಜ್ ಇರಲಿಲ್ಲ. ಮಧ್ಯಾಹ್ನ ಎರಡಾದರೆ ಕತ್ತಿ ತೊಳೆದಿಟ್ಟು, ಉಳಿದ ಮಾಂಸವನ್ನು ಹಿತ್ತಿಲ ಗುಂಡಿಗೆ ಹಾಕಿ, ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕದಡಿ ಸುರಿಯುತ್ತಿದ್ದರು. ಅದರ ಮೇಲೆ ಸುಣ್ಣ, ಮಣ್ಣು.

"ಬರೀ ಹೂತ್ರೆ ಯಾರಾದ್ರೂ ತೆಗೆದು ತೊಳೆದು ಮಾರ್ತಾರಮ್ಮ. ನೀಲಿ ಮಾಂಸ ಯಾರು ಕೊಳ್ತಾರೆ?"

ಎಸೆದದ್ದರ ಬೆಲೆಯೂ ಮಾರಿದ್ದರ ಮೇಲೆಯೇ ಕೂರಬೇಕಲ್ಲ, ಅವರ ದರ ಯಾವಾಗಲೂ ಜಾಸ್ತಿ. ಉಳಿದ ಅಂಗಡಿಗಳಲ್ಲಿ ಮಿಕ್ಕಿದ್ದು ಫ್ರಿಜ್ಜಿಗೆ ಹೋಗಿ, ಮರುದಿನ ಹೊಸದರ ಜೊತೆ ಬೆರೆಯುತ್ತಿತ್ತು. ಅದಕ್ಕೂ ಮಿಕ್ಕಿದ್ದು ಕೆಂಪು ಬಣ್ಣ ಬಳಿದುಕೊಂಡು ಕಬಾಬ್ ಗಾಡಿ ಸೇರುತ್ತಿತ್ತು. ಒಮ್ಮೆ ಅಂಬಾಜಿದುರ್ಗದ ಕಡೆಯ ರೈತರೊಬ್ಬರು, "ಏಮಿ ಸಾಬ್, ನಿನ್ ಕುರಿ ಏನು ಬಂಗಾರ ಮೇಯ್ದಿತ್ತಾ?" ಎಂದು ಕೆಣಕಿದರು.

"ಹುಲ್ಲೇ ಮೇಯ್ದಿದ್ದು ಕಣಪ್ಪ. ಅದ್ಕೇ ನಿನ್ ಹೊಟ್ಟೇಲಿ ಗಲಾಟೆ ಮಾಡ್ದೆ ಮಲಗ್ತದೆ."

ಯುಗಾದಿಯ ಮರುದಿನ ಹೊಸತೊಡಕು. ಮಾಂಸ ತಿನ್ನುವ ಯಾವ ಮನೆಯಲ್ಲೂ ಅವತ್ತು ಬಾಡಿನ ಸಾರು ತಪ್ಪುವುದಿಲ್ಲ. ಗಫಾರ್ ಸಾಬ್ರ ವರ್ಷ ನಿಂತಿದ್ದದ್ದೇ ಆ ಒಂದು ಬೆಳಗಿನ ಮೇಲೆ. ನಾನು ಎಂ.ಎ. ಮುಗಿಸಿ ಊರಿಗೆ ಬಂದಿದ್ದ ವರ್ಷ, ಚಿಕ್ಕಪ್ಪನ ಜೊತೆ ಅವರ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಮೊದಲ ಕುರಿಯ ಹೊಟ್ಟೆ ಸೀಳಿದವರು ಕತ್ತಿ ಕೆಳಗಿಟ್ಟರು. ಲಿವರನ್ನು ಬೆಳಕಿಗೆ ಎತ್ತಿ ಹಿಡಿದರು. ಅದರ ತುಂಬ ಬಿಳಿ ಗುಳ್ಳೆಗಳು. ಅದೊಂದನ್ನು ಸದ್ದಿಲ್ಲದೆ ಬುಟ್ಟಿಗೆ ಹಾಕಿ ಉಳಿದದ್ದನ್ನು ಮಾರಬಹುದಿತ್ತು.

"ಇದು ಕಾಯಿಲೆ ಕುರಿ. ಉಳಿದವೂ ಇದರ ಜೊತೆಗೇ ಇದ್ದವು, ಒಂದನ್ನೂ ಕಡಿಯಲ್ಲ. ಬೇರೆ ಕಡೆ ಹೋಗ್ರಪ್ಪ," ಎಂದರು.

ಹಬ್ಬದ ದಿನವೇ ಅವರು ಒಂದು ತುಂಡನ್ನೂ ಮಾರಲಿಲ್ಲ.

"ನೀನು ಮನೆಗೆ ನಡಿಯಮ್ಮ, ಎಲ್ಲಾದ್ರೂ ನೋಡಿ ತರ್ತೀನಿ," ಎಂದ ಚಿಕ್ಕಪ್ಪ ಬಂದದ್ದು ಮಧ್ಯಾಹ್ನ. ಅಗ್ಗಕ್ಕೆ ಸಿಕ್ಕಿತೆಂದು ಖುಷಿಯಲ್ಲಿದ್ದರು. ಅಮ್ಮ ಬಚ್ಚಲಲ್ಲಿ ಕೂತು, "ಎಷ್ಟು ತೊಳೆದ್ರೂ ನೀರು ತಿಳಿಯಾಗ್ತಿಲ್ಲ ಕಣೇ," ಎಂದಳು. ನನ್ನ ತಟ್ಟೆಗೆ ಬಿದ್ದ ಮೂಳೆಯ ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ ಗೆರೆಯಿತ್ತು. ಅದನ್ನು ಅವತ್ತೇ ಕಂಡೆನೋ, ಆಮೇಲೆ ಕೇಳಿದ ಸುದ್ದಿ ಆ ಗೆರೆ ಎಳೆಯಿತೋ, ನನಗೇ ಗೊತ್ತಿಲ್ಲ.

ಸುದ್ದಿ ಹೇಳಿದವರು ಗಫಾರ್ ಸಾಬ್ರೇ. ಎರಡು ದಿನ ಬಿಟ್ಟು ಅವರ ಅಂಗಡಿಗೆ ಹೋದಾಗ, ಹಿತ್ತಿಲಿಗೆ ಕರೆದೊಯ್ದರು. ಗುಂಡಿ ಬಾಯಿ ತೆರೆದುಕೊಂಡಿತ್ತು. ಒಳಗೆ ಏನೂ ಇರಲಿಲ್ಲ. ಆಚೆ ಮನೆಯ ಸೂರಿನ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದೂ ಕೆಳಗಿಳಿಯುತ್ತಿರಲಿಲ್ಲ, ಒಂದೂ ಕೂಗುತ್ತಿರಲಿಲ್ಲ. ಒಣಗಿದ ನೀಲಿ ಹನಿಗಳು ಹಿಂದಿನ ಬಾಗಿಲು ದಾಟಿ ರಸ್ತೆಯವರೆಗೆ ಹೋಗಿ, ಅಲ್ಲಿ ಗಾಡಿಯೊಂದು ಕಾದಿತ್ತೇನೋ ಎಂಬಂತೆ, ತಟ್ಟನೆ ನಿಂತುಹೋಗಿದ್ದವು.

"ಹಬ್ಬದ ದಿನ ಬೆಳಗ್ಗೆ ಆ ಕುರೀನ ನೀಲಿ ಸುರಿದು ಹೂತೆ. ಮಧ್ಯಾಹ್ನ ನೋಡ್ತೀನಿ, ಎದ್ದು ಹೋಗಿದೆ," ಎಂದರು.

ಆ ವಾರ ಊರಿನ ಎಷ್ಟೋ ಮನೆಗಳಲ್ಲಿ ವಾಂತಿ, ಭೇದಿ. ನಮ್ಮಮ್ಮ ನಾಲ್ಕು ದಿನ ಮಲಗಿದಳು. ಕಾಯಿಲೆ ಕುರಿ ಎಂದು ಬಾಯಿ ಬಿಟ್ಟು ಹೇಳಿದವರು ಗಫಾರ್ ಸಾಬ್ರೊಬ್ಬರೇ. ಹಾಗಾಗಿ ಎಲ್ಲರ ಬಾಯಿಗೆ ಬಂದದ್ದೂ ಅವರ ಅಂಗಡಿಯೇ. ನಮ್ಮ ಮನೆಗೆ ಬಂದವರು ಆ ಮಾತೆತ್ತಿದಾಗ ಚಿಕ್ಕಪ್ಪ ಹೌದೆಂದು ತಲೆಯಾಡಿಸಿದರು. ನಾನು ಸಾಲಿನಲ್ಲಿ ನಿಂತಿದ್ದವಳು. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಮಳೆಗಾಲಕ್ಕೆ ಮುಂಚೆಯೇ ಅವರ ಅಂಗಡಿಗೆ ಬೀಗ ಬಿತ್ತು.

ಹೋದ ವರ್ಷ ಶಿಡ್ಲಘಟ್ಟದಲ್ಲಿ, ತಮ್ಮ ಅಳಿಯ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಮುಂದೆ ಗಫಾರ್ ಸಾಬ್ರು ಸಿಕ್ಕರು. ಗೂಡು ಬೇಯಿಸುವ ನೀರಿನಲ್ಲಿ ಅದ್ದಿ ಅದ್ದಿ ಬೆರಳುಗಳು ಬೆಳ್ಳಗೆ ನಿರಿಗೆಗಟ್ಟಿದ್ದವು.

"ನೀಲಿ ಹೋಗಿದೆ ಸಾಬ್ರೇ," ಎಂದೆ.

"ಕೈಯಿಂದ ಹೋಯ್ತಮ್ಮ." ಬೆರಳುಗಳನ್ನು ಲುಂಗಿಗೆ ಒರೆಸಿಕೊಳ್ಳುತ್ತ ಕೇಳಿದರು: "ನಿಮ್ಮಮ್ಮಂಗೂ ಅವಾಗ ಹುಷಾರಿರ್ಲಿಲ್ಲವಂತೆ. ನಾನಂತೂ ನಿಮಗೆ ಕೊಟ್ಟಿರ್ಲಿಲ್ಲ. ಯಾರತ್ರ ತಂದ್ರಿ?"

ಮನೆಗೆ ಬಂದವಳೇ ಚಿಕ್ಕಪ್ಪನನ್ನು ಕೇಳಿದೆ. ಅವರು ಅರ್ಧ ಊಟಕ್ಕೇ ಎದ್ದು ಬಚ್ಚಲಿಗೆ ಹೋದರು. ತುಂಬ ಹೊತ್ತು ಕೈ ತೊಳೆಯುವ ಸದ್ದು ಕೇಳುತ್ತಿತ್ತು. ಮೊನ್ನೆ, ಗಫಾರ್ ಸಾಬ್ರು ತೀರಿಕೊಂಡರೆಂದು ತಿಳಿದ ದಿನ, ಎದುರಿಗೆ ಕೂತು ಮತ್ತೆ ಅದನ್ನೇ ಕೇಳಿದೆ:

"ಚಿಕ್ಕಪ್ಪ, ಆ ಹೊಸತೊಡಕಿಗೆ ನೀವು ತಂದ ಬಾಡು ಯಾರ ಅಂಗಡೀದು?"