ಕಣ್ಣು ತೆಗೆಯುವುದಿಲ್ಲ ಎಂದ ಹವಾಲ್ದಾರರು

ಕಳೆದ ವಾರ ದೋಹಾದ ಐನ್ ಖಾಲಿದ್‌ನ ನಮ್ಮ ಅಡುಗೆಮನೆಯಲ್ಲಿ ಹೆಂಡತಿ ಬಿಸ್ಕತ್ತು ಮಾಡಲೆಂದು ಸ್ಟೀಲ್ ತಟ್ಟೆಗೆ ಸಕ್ಕರೆ ಸುರಿದು, ಅದರ ಮೇಲೆ ಮೈದಾ ಜರಡಿ ಹಿಡಿದಳು. ತಟ್ಟೆ ಎತ್ತುವಾಗ ಕೈ ಓರೆಯಾಯಿತು. ಮೈದಾದ ಪದರ ಇಡಿಯಾಗಿ, ಸದ್ದಿಲ್ಲದೆ ಜಾರಿ ನೆಲಕ್ಕೆ ಬಿತ್ತು. ಅವಳು ಗೊಣಗಿದಳು. ನನಗೆ ಎದೆಯೊಳಗೆ ಚಳಿ ಹೊಕ್ಕಂತಾಯಿತು...

ತೊಂಬತ್ತರ ದಶಕದಲ್ಲಿ ಇದೇ ದೋಹಾದ ಅಲ್ ಹಿಲಾಲ್‌ನಲ್ಲಿ ನನ್ನ ಎದುರು ಮನೆಯಲ್ಲಿದ್ದವರು ನಮ್ಮ ಊರ ಕಡೆಯ ನಿವೃತ್ತ ಹವಾಲ್ದಾರರು. ಸೈನ್ಯದಲ್ಲಿ ಹಿಮಾಲಯ ಕಾದು ಬಂದವರು, ಆಗ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೋದಾಮು ಕಾಯುತ್ತಿದ್ದರು. ಶುಕ್ರವಾರದ ಊಟಕ್ಕೆ ಸೇರಿದ ನಮಗೆಲ್ಲ, ಹೊರಗೆ ಮರಳು ಹುರಿಯುತ್ತಿರುವಾಗ, ತಟ್ಟೆಯಲ್ಲಿ ಸಕ್ಕರೆ ಮೈದಾ ಹಾಕಿ ಹಿಮಕುಸಿತದ ಪಾಠ ಮಾಡುತ್ತಿದ್ದರು.

"ಅಡಿಯ ಹಿಮ ಹೀಗೆ ಸಕ್ಕರೆಯಾಗ್ತದೆ ಮಾರಾಯ್ರೇ, ಒಂದಕ್ಕೊಂದು ಹಿಡಿಯುವುದಿಲ್ಲ. ಮೇಲೆ ಹೊಸ ಹಿಮ ಚಂದ ಕೂತಿರ್ತದೆ. ನೀವು ಕಾಲಿಟ್ಟದ್ದೇ ಖಲಾಸ್!"

ಇಳಿಜಾರನ್ನು ಒಬ್ಬೊಬ್ಬರೇ ದಾಟಬೇಕು, ಉಳಿದವರು ಅವನ ಮೇಲಿಂದ ಕಣ್ಣು ತೆಗೆಯಬಾರದು. ಹೂತುಹೋದರೆ ಕೊನೆಗೆ ಕಂಡ ಜಾಗವೇ ಅವನ ವಿಳಾಸ. ಈ ನಿಯಮವನ್ನು ಅವರು ದೋಹಾದಲ್ಲೂ ಪಾಲಿಸಿದರು. ನಾನು ಹಾಲು ತರಲು ರಸ್ತೆ ದಾಟಿದರೆ, ಆಚೆ ತಲುಪುವವರೆಗೆ ಈಚೆ ಅಟೆನ್ಷನ್‌ನಲ್ಲಿ ನಿಂತಿರುತ್ತಿದ್ದರು. ಅಷ್ಟು ಗೌರವದಿಂದ ಹಾಲು ತಂದವನು ಕತಾರಿನಲ್ಲಿ ಇನ್ನೊಬ್ಬನಿರಲಾರ.

ಒಂದು ಚಳಿಗಾಲ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ಊರಿಗೆ ಹೋಗುವ ಮೊದಲು ಹಿಮ ತೋರಿಸುತ್ತೇನೆಂದು ನನ್ನನ್ನು ಹಿಮಾಚಲಕ್ಕೆ ಕರೆದೊಯ್ದರು. ಹಿಂದಿನ ದಿನ ಹೊಸ ಹಿಮ ಬಿದ್ದಿತ್ತು, ಅಂದು ಬಿಸಿಲು. ಇಳಿಜಾರಿನ ಎದುರು ನಾನು ತಟ್ಟೆಯನ್ನು ನೆನೆದು ತಡೆದು ನಿಂತೆ.

"ನಾನಿದ್ದೇನಲ್ಲ ಇಲ್ಲಿ? ಕಣ್ಣು ತೆಗೆಯುವುದಿಲ್ಲ. ಯಲ್ಲಾ, ಹೋಗಿ!"

ನಡುವೆ ತಲುಪಿದಾಗ ಕಾಲಡಿಯಲ್ಲಿ ಗುಮ್ಮೆಂದಿತು. ಮಲಗಿದ್ದವನನ್ನು ಹಾಸಿಗೆ ಸಮೇತ ಎಳೆದಂತೆ ಕೆಳಗೆ ಹೋದೆ. ಎಲ್ಲ ನಿಂತಾಗ ಎದೆಯವರೆಗೆ ಹಿಮ ಬಿಗಿದಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಕತ್ತು ತಿರುಗಿಸಿ ಅವರು ನಿಂತಿದ್ದ ಜಾಗ ನೋಡಿದೆ. ಯಾರೂ ಇರಲಿಲ್ಲ...

ರಸ್ತೆಯ ಹಿಮ ಸರಿಸುತ್ತಿದ್ದ ಕೂಲಿಯವರು ನನ್ನ ಕೂಗು ಕೇಳಿ ಬಂದು ಅಗೆದು ತೆಗೆದರು. ಹವಾಲ್ದಾರರು ಕೆಳಗಿನ ಚಹಾದಂಗಡಿಯಲ್ಲಿ ಸಿಕ್ಕರು. "ಜನ ಕರೀಲಿಕ್ಕೆ ಓಡಿದ್ದು ಮಾರಾಯ್ರೇ" ಎಂದರು. ಅಂಗಡಿಯವನನ್ನು ವಿಚಾರಿಸಿದೆ. ಅವರು ಚಹಾ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ.

ಓಡಿದ್ದನ್ನು ಕ್ಷಮಿಸಬಹುದಿತ್ತು, ಬೆಟ್ಟ ಕಳಚಿ ಬಂದರೆ ಯಾರ ಕಾಲೂ ಅಪ್ಪಣೆ ಕೇಳುವುದಿಲ್ಲ. ಆದರೆ ದೋಹಾಕ್ಕೆ ಮರಳಿದ ಮೊದಲ ಶುಕ್ರವಾರವೇ, ಊಟದ ನಂತರ, ನನ್ನನ್ನು ತಾವೇ ಬರಿಗೈಯಲ್ಲಿ ಅಗೆದು ಹೊರತೆಗೆದ ಕಥೆಯನ್ನು ಅವರು ನನ್ನ ಎದುರೇ ಹೇಳಿದರು.

"ಇವರು ಚಹಾ ಕುಡಿಯುತ್ತಿದ್ದರು" ಎಂದೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂತ ಮಾರಾಯ್ರೇ, ಜೀವ ಉಳಿಸಿದವರನ್ನೇ ತಮಾಷೆ ಮಾಡುವುದಾ!" ಎಂದು ಒಬ್ಬರು ನನ್ನ ಬೆನ್ನು ತಟ್ಟಿದರು. ಹವಾಲ್ದಾರರು ಎಲ್ಲರಿಗಿಂತ ಜೋರಾಗಿ ನಕ್ಕರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಆಮೇಲೂ ವರ್ಷಗಟ್ಟಲೆ ಎದುರುಬದುರು ಇದ್ದೆವು. ಒಂದು ದಿನ ಅವರು ಬಾಗಿಲು ತಟ್ಟಿ, ಅಂದು ಹೆದರಿಕೆಯಾಯಿತು ಎಂದು ಹೇಳಿಯಾರು ಎಂದು ಕಾದೆ... ಅವರು ಕೆಲಸ ಬಿಟ್ಟು ಊರಿಗೆ ಹೋದರು. ಹೋದ ವರ್ಷ ತೀರಿಕೊಂಡರು.

ಸುದ್ದಿ ತಿಳಿಸಲು ಫೋನ್ ಮಾಡಿದ ಮಗ ಅಳುತ್ತಲೇ ಕೇಳಿದ: "ಅಂಕಲ್, ಅಪ್ಪ ಎಳೆದು ತೆಗೆಯುವಾಗ ನೀವು ಕುತ್ತಿಗೆವರೆಗೆ ಹಿಮದಲ್ಲಿ ಇದ್ರಂತೆ, ಹೌದಾ?"

"ಎದೆಯವರೆಗೆ" ಎಂದೆ. ಉಳಿದದ್ದನ್ನು ತಿದ್ದಬೇಕಾಗಿದ್ದವರು ಅವರು. ಈಗ ಅವರೇ ಇಲ್ಲ.