ಪ್ಲಾಸ್ಟಿಕ್ ಹುಲ್ಲಿನ ಆಯಸ್ಸು

ಮಗಳ ಶಾಲೆಯ ಕ್ರೀಡಾಂಗಣಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಬೇಕೆಂದು ಹಟ ಹಿಡಿದವರಲ್ಲಿ ನಾನೂ ಒಬ್ಬಳು. ನಾವು ಆಸ್ಟ್ರೇಲಿಯಾದ ಪರ್ತ್‌ನ ಸದರ್ನ್ ರಿವರ್ ಬಡಾವಣೆಗೆ ಬಂದು ಆಗಿನ್ನೂ ಎರಡು ವರ್ಷ. ಮಗಳು ಒಂದನೇ ಕ್ಲಾಸು. ನಾನು ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು. ಇಲ್ಲಿ ರಸ್ತೆ, ಚರಂಡಿಗಳ ನಕ್ಷೆ ಮಾಡುವ ಆಫೀಸಿನಲ್ಲಿದ್ದೆ. ಶಾಲೆಯ ಪಾಲಕರ ಸಮಿತಿಗೆ ಒಬ್ಬ ಎಂಜಿನಿಯರ್ ಬೇಕಿತ್ತು. ನನಗೆ ಆ ಊರಿನಲ್ಲಿ ನನ್ನನ್ನು ಒಂದು ಮಾತು ಕೇಳುವವರು ಬೇಕಿತ್ತು.

ಆಗ ಅಲ್ಲಿ ನಿಜವಾದ ಹುಲ್ಲಿತ್ತು. ಬೇಸಿಗೆ ಪೂರ್ತಿ ಬೋರ್‌ವೆಲ್ ನೀರು ಕುಡಿಯುತ್ತಿತ್ತು. ನೀರು ಉಳಿಸೋಣ ಎಂದು ನಾನು ವಾದಿಸಿದೆ. ಮೊಣಕಾಲುದ್ದ ಮಣ್ಣು ಅಗೆದು ಹೊರಗೆ ಸಾಗಿಸಿದರು, ಕೊಳವೆಗಳನ್ನು ಕಿತ್ತರು, ಜಲ್ಲಿ ತುಂಬಿ ದಮ್ಮಸ್ಸು ಮಾಡಿದರು. ಬೋರ್‌ವೆಲ್ ನೀರಿನ ಲೈಸೆನ್ಸನ್ನು ಸರ್ಕಾರಕ್ಕೆ ಹಿಂದಿರುಗಿಸುವ ಕಾಗದವನ್ನು ನಾನೇ ಬರೆದೆ. ಆ ಹುಲ್ಲನ್ನು ಬಹಳ ವರ್ಷಗಳಿಂದ ನೋಡಿಕೊಂಡಿದ್ದ ಮೈದಾನದ ಮೇಲ್ವಿಚಾರಕ, ಬಿಳಿ ಗಡ್ಡದ ಆಸ್ಟ್ರೇಲಿಯನ್ ಮನುಷ್ಯ, ಸಭೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

"ಇದು ಹಳೇದಾದ್ಮೇಲೆ ಏನ್ ಮಾಡ್ತೀರಿ?"

"ಹೊಸದು ಹಾಕ್ತೀವಿ," ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಮಗಳು ಆ ಹಾಸಿನ ಮೇಲೆಯೇ ಫುಟ್‌ಬಾಲ್ ಕಲಿತಳು. ಸಂಜೆ ಮನೆಗೆ ಬಂದು ಬೂಟು ಬಿಚ್ಚಿದರೆ ಹಾಸಿನ ಎಳೆಗಳ ನಡುವೆ ತುಂಬುವ, ಸಾಸಿವೆಯಷ್ಟು ದಪ್ಪದ ಕಪ್ಪು ರಬ್ಬರ್ ಕಾಳು ಚೆಲ್ಲುತ್ತಿತ್ತು. ವಾಷಿಂಗ್ ಮೆಷಿನ್‌ನಲ್ಲಿ, ಚಪಾತಿ ಡಬ್ಬಿಯ ಮುಚ್ಚಳದಲ್ಲಿ, ಅವಳ ದಿಂಬಿನ ಕೆಳಗೆ, ಎಲ್ಲೆಲ್ಲೂ ಅದೇ ಕಾಳು. ಬಿಸಿಲಿಗೆ ಕಾದ ಹಾಸಿನ ಮೇಲೆ ಬಿದ್ದರೆ ಮೊಣಕೈ ಸುಟ್ಟು ಗುಳ್ಳೆ ಏಳುತ್ತಿತ್ತು. ಅವಳು ದೂರಲಿಲ್ಲ. ಹದಿನೈದಕ್ಕೆ ರಾಜ್ಯ ತಂಡದ ಆಯ್ಕೆಗೆ ಕರೆ ಬರುವಷ್ಟು ಚೆನ್ನಾಗಿ ಆಡುತ್ತಿದ್ದಳು.

ಒಂಬತ್ತನೆಯ ವರ್ಷ ಹಾಸು ಸವೆದು ಚಾಪೆಯಂತೆ ಮಲಗಿತ್ತು. ಬದಲಾಯಿಸಬೇಕೇ ಎಂದು ಶಾಲೆಯವರು ನನ್ನನ್ನೇ ಕೇಳಿದರು. ಒಂದು ಶುಕ್ರವಾರ ಮಧ್ಯಾಹ್ನ ಮೇಲ್ವಿಚಾರಕನ ಜೊತೆ ಮೈದಾನ ಸುತ್ತಿದೆ. ಆಚೆ ತುದಿಯ ಗೋಲಿನ ಹತ್ತಿರ ಅವನು ಕುಕ್ಕರುಗಾಲಲ್ಲಿ ಕೂತು, ಎರಡು ಹಾಸುಗಳು ಕೂಡುವ ಕಡೆ ತನ್ನ ಬೀಗದ ಕೈ ತೂರಿಸಿದ. ಅದು ಸಲೀಸಾಗಿ ಒಳಗೆ ಹೋಯಿತು.

"ನೋಡು, ಗಮ್ ಬಿಟ್ಕೊಂಡಿದೆ. ಮೂರು ಸಲ ಅಂಟಿಸಿದೀನಿ. ನಿಲ್ತಿಲ್ಲ."

ನಾನೂ ಬೆರಳಿಟ್ಟು ನೋಡಿದೆ. ಶಾಲೆಯವರು ಆ ವರ್ಷ ಹೊಸ ತರಗತಿ ಕೋಣೆಗಳನ್ನು ಕಟ್ಟಿಸುತ್ತಿದ್ದರು. ಅವರಿಗೆ ಯಾವ ಉತ್ತರ ಬೇಕೆಂದು ನನಗೆ ಗೊತ್ತಿತ್ತು. ಯಾರೂ ಒತ್ತಾಯಿಸಲಿಲ್ಲ. ಜೋಡಣೆಗಳನ್ನು ಮತ್ತೆ ಅಂಟಿಸಿದರೆ ಇನ್ನೆರಡು ವರ್ಷ ಬಳಸಬಹುದು ಎಂದು ಒಂದು ಪುಟ ಬರೆದುಕೊಟ್ಟೆ. ಪ್ರಿನ್ಸಿಪಾಲರು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು.

ಆ ಚಳಿಗಾಲದ ಒಂದು ಶನಿವಾರ ಪಂದ್ಯವಿತ್ತು. ನಾನು ಗೆರೆಯಾಚೆ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಮಗಳು ಚೆಂಡನ್ನು ತಡೆದು ಗಿರ್ರನೆ ತಿರುಗಿದಳು. ಮೈ ತಿರುಗಿತು, ಬಲಗಾಲು ತಿರುಗಲಿಲ್ಲ. ಒಣಕಡ್ಡಿ ಮುರಿದಂಥ ಸದ್ದು ನನ್ನವರೆಗೂ ಕೇಳಿಸಿತು. ಅವಳು ಕಿರುಚಲಿಲ್ಲ, "ಅಮ್ಮ" ಎಂದು ಒಮ್ಮೆ, ಮೆಲ್ಲಗೆ ಕರೆದಳು. ಎಲ್ಲರಿಗಿಂತ ಮೊದಲು ಓಡಿದವನು ಮೇಲ್ವಿಚಾರಕ. ಆಚೆ ತುದಿಯ ಅದೇ ಸೀಳಿನಲ್ಲಿ ಸಿಕ್ಕಿಕೊಂಡಿದ್ದ ಬೂಟಿನ ತುದಿಯನ್ನು ಎರಡೂ ಕೈಯಿಂದ ಬಿಡಿಸಿದ. ನನ್ನ ಮುಖ ನೋಡಿದ.

ಇಲ್ಲಿಯೇ ಇರುವ, ದಾವಣಗೆರೆ ಕಡೆಯ ಮೂಳೆ ಡಾಕ್ಟರೊಬ್ಬರು ನಮಗೆ ಪರಿಚಯ. ಮಗಳಿಗೆ ಅವರು ಅಂಕಲ್. ಸ್ಕ್ಯಾನ್ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಲಿಗಮೆಂಟ್ ಪೂರ್ತಿ ಹರ್ದಿದೆ ಕಣಮ್ಮ. ಆಪರೇಷನ್ ಮಾಡಿಸೋಣ. ನಡೀತಾಳೆ, ಎಲ್ಲಾ ಮಾಡ್ತಾಳೆ. ಆದ್ರೆ ಮೊದಲಿನ ಥರ ಆಡ್ತಾಳೆ ಅಂತ ನಾನು ಹೇಳಲ್ಲ."

ಹಾಸು ಬದಲಾಯಿಸುವ ತೀರ್ಮಾನ ಒಂದೇ ತಿಂಗಳಲ್ಲಿ ಆಯಿತು. ಕೆಲಸ ಶುರುವಾಗಲು ಮತ್ತೊಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಆಚೆ ತುದಿಗೆ ಟೇಪು ಕಟ್ಟಿ, ಅರ್ಧ ಮೈದಾನದಲ್ಲಿ ಮಕ್ಕಳು ಆಡಿದರು. ಸಮಿತಿಯಲ್ಲಿ ನಾನು ಎದ್ದು ನಿಂತು, ಮತ್ತೆ ನಿಜವಾದ ಹುಲ್ಲನ್ನೇ ಬೆಳೆಸೋಣ ಎಂದೆ. ಪ್ರಿನ್ಸಿಪಾಲರು ಕನಿಕರದಿಂದ, "ಆಗುತ್ತಾ ವಿಚಾರಿಸಿ ನೋಡಿ," ಎಂದರು.

ನೀರಿನ ಇಲಾಖೆಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಫೈಲು ತೆಗೆದು ನೋಡಿದಳು. ನಮ್ಮ ಭಾಗದ ಅಂತರ್ಜಲವೆಲ್ಲ ಆಗಲೇ ಹಂಚಿಹೋಗಿದೆ, ಹೊಸದಾಗಿ ಯಾರಿಗೂ ಕೊಡುತ್ತಿಲ್ಲ ಎಂದಳು.

"ನಿಮ್ಮ ಶಾಲೆಗೆ ಮೊದಲು ಇತ್ತಲ್ಲ. ವಾಪಸ್ ಕೊಟ್ಟಿದೀರಿ. ಕಾಗದದಲ್ಲಿ ನಿಮ್ಮ ಹೆಸರೇ ಇದೆ."

ಮೇಲ್ವಿಚಾರಕನನ್ನೂ ಕೇಳಿದೆ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತು ತಾಳ್ಮೆಯಿಂದ ವಿವರಿಸಿದ.

"ಕೆಳಗೆ ಮಣ್ಣೆಲ್ಲಿದೆ? ಮಣ್ಣು ತರ್ಬೇಕು, ನೀರು ತರ್ಬೇಕು. ಆಮೇಲೆ ಎರಡು ಬೇಸಿಗೆ ಒಂದು ಮಗೂನೂ ಕಾಲಿಡಬಾರದು. ಅಷ್ಟು ದಿನ ಇಷ್ಟು ಮಕ್ಕಳನ್ನ ಎಲ್ಲಿ ಆಡಿಸ್ತೀರಿ?"

ಮುಂದಿನ ಸಭೆಯಲ್ಲಿ ಹುಲ್ಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ರಜೆಯಲ್ಲಿ ಕೆಲಸದವರು ಬಂದರು. ಒಂದು ಯಂತ್ರ ಹಳೆಯ ಹಾಸನ್ನು ಪಟ್ಟಿಪಟ್ಟಿಯಾಗಿ ಸೀಳುತ್ತಾ ಹೋಯಿತು, ಇನ್ನೊಂದು ಸುತ್ತುತ್ತಾ ಬಂತು. ಬೇಲಿಯುದ್ದಕ್ಕೂ ಆಳೆತ್ತರದ ಸುರುಳಿಗಳು ಬಿದ್ದವು. ರೀಸೈಕಲ್ ಮಾಡುತ್ತಾರೆಂದು ಸಮಿತಿಗೆ ಹೇಳಿದ್ದರು. ಲಾರಿಯವನನ್ನು ಕೇಳಿದರೆ, "ಸದ್ಯಕ್ಕೆ ಯಾರೂ ತಗೊಳ್ತಿಲ್ಲ. ನಮ್ಮ ಯಾರ್ಡಲ್ಲಿ ಹೋದ ವರ್ಷದ್ದೇ ಬಿದ್ದಿದೆ," ಎಂದ.

ಆ ವಾರವೇ ಮಗಳಿಗೆ ಹೇಳಿದೆ. ಮೊದಲ ಆಪರೇಷನ್ ಫಲಿಸದೆ ಎರಡನೆಯದೂ ಮುಗಿದಿತ್ತು. ಸೋಫಾ ಮೇಲೆ ಮಂಡಿಗೆ ಐಸ್ ಚೀಲ ಇಟ್ಟುಕೊಂಡು ಟಿವಿ ನೋಡುತ್ತಿದ್ದಳು.

"ಆ ಹಾಸು ಇನ್ನೂ ಎರಡು ವರ್ಷ ತಡಿಯುತ್ತೆ ಅಂತ ಬರ್ಕೊಟ್ಟಿದ್ದು ನಾನೇ ಕಣೇ. ಆ ಸೀಳಲ್ಲಿ ಬೆರಳಿಟ್ಟು ನೋಡಿದ್ದೆ. ನೋಡಿಯೂ ಬರ್ಕೊಟ್ಟೆ."

"ಐ ನೋ, ಅಮ್ಮ."

"ನಿಂಗೆ ಹೇಗೆ ಗೊತ್ತು?"

"ಸ್ಕೂಲ್ ನ್ಯೂಸ್‌ಲೆಟರಲ್ಲಿತ್ತು. ದೇ ಥ್ಯಾಂಕ್ಡ್ ಯೂ."

ಅಂದರೆ ಬಿದ್ದ ದಿನವೂ ಅವಳಿಗೆ ಗೊತ್ತಿತ್ತು. ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದುಕೊಂಡಾಗಲೂ ಗೊತ್ತಿತ್ತು.

"ಇಷ್ಟು ದಿನ ಯಾಕೆ ಒಂದು ಮಾತೂ ಅನ್ಲಿಲ್ಲ?"

"ವಾಟ್ ವುಡ್ ಐ ಸೇ?"

ದನಿಯಲ್ಲಿ ಕೋಪವಿರಲಿಲ್ಲ. ಬಂದೀತೆಂದು ಕಾದೆ. ಬಯ್ಯಲಿ, ಐಸ್ ಚೀಲ ಎತ್ತಿ ಎಸೆಯಲಿ ಎಂದುಕೊಂಡೆ. ಅವಳು ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿದಳು. ನಾನು ಅಡುಗೆಮನೆಗೆ ಹೋಗಿ, ಉಕ್ಕುತ್ತಿದ್ದ ಸಾರನ್ನು ಒಲೆಯಿಂದ ಇಳಿಸಿದೆ. ಮತ್ತೆ ನಾವಿಬ್ಬರೂ ಆ ವಿಷಯ ಎತ್ತಿಲ್ಲ. ಮನೆಯಲ್ಲಿ ಚೆನ್ನಾಗಿಯೇ ಮಾತಾಡುತ್ತೇವೆ, ಊಟ, ಬಟ್ಟೆ, ಕಾರು ಯಾರಿಗೆ ಬೇಕು ಎಂದು.

ಹೊಸ ಹಾಸಿನ ತಪಾಸಣೆಗೂ ನನ್ನನ್ನೇ ಕರೆದರು. ಬೇರೆ ಯಾರನ್ನಾದರೂ ಕರೆಯಿರಿ ಎಂದೆ. ಮೈದಾನ ಗೊತ್ತಿರುವವರು ನೀವೊಬ್ಬರೇ ಎಂದರು. ಹೋದೆ. ಒಂದೊಂದು ಜೋಡಣೆಯನ್ನೂ ಮಂಡಿಯೂರಿ ಬೆರಳಿನಿಂದ ಎಳೆದು ನೋಡಿದೆ. ಎಲ್ಲ ಬಿಗಿಯಾಗಿದ್ದವು. ಸಹಿ ಹಾಕಿದೆ. ಆ ಹೊತ್ತಿಗೆ ಮೇಲ್ವಿಚಾರಕ ಕೆಲಸ ಬಿಟ್ಟು ಅಡಿಲೇಡ್‌ನ ತಂಗಿಯ ಮನೆಗೆ ಹೋಗಿಯಾಗಿತ್ತು. ಹೋಗುವ ಮುನ್ನ ಎಲ್ಲರಿಗೂ ಹೇಳಿ ಹೋದನಂತೆ. ನನಗೆ ಗೊತ್ತಾದದ್ದು ಆಮೇಲೆ.

ಮೈದಾನ ಮತ್ತೆ ತೆರೆದ ದಿನ ಮಗಳು ಬರಲಿಲ್ಲ. ನಾನು ಬೇಲಿಯ ಪಕ್ಕ ನಿಂತಿದ್ದೆ. ಹೊಸದಾಗಿ ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗಿ, ಒಂದನೇ ಕ್ಲಾಸಿನ ಮಗುವಿನ ತಾಯಿ, ಕನ್ನಡದ ಮುಖ ಕಂಡ ಖುಷಿಗೆ ಹತ್ತಿರ ಬಂದಳು. ಅವಳ ಮಗು ಆಗಲೇ ಬೂಟು ಬಿಚ್ಚಿ ಹಸಿರಿನ ಮೇಲೆ ಉರುಳುತ್ತಿತ್ತು.

"ಎಷ್ಟು ಚೆನ್ನಾಗಿ ಮಾಡಿದಾರಲ್ವಾ ಆಂಟಿ? ಕೆಸರಿಲ್ಲ, ಧೂಳಿಲ್ಲ. ಇವಳನ್ನೂ ಫುಟ್‌ಬಾಲಿಗೆ ಸೇರಿಸ್ಬಿಡೋಣ ಅಂತಿದೀನಿ."

"ಹೂಂ, ಸೇರಿಸಮ್ಮ," ಎಂದೆ.